ಫ್ಲಾಟ್‌ಹೆಡ್‌ಗೆ ಗಾಳ: ಹೊಳೆಯೋ, ಹಿನ್ನೀರೋ?

ಟೆಕ್ಸಾಸ್, ಒಕ್ಲಹೋಮ ಕಡೆ ಗಾಳ ಹಾಕುವವರಲ್ಲಿ ಫ್ಲಾಟ್‌ಹೆಡ್ ಕ್ಯಾಟ್‌ಫಿಶ್ (ಚಪ್ಪಟೆ ತಲೆಯ, ಮೀಸೆಯುಳ್ಳ ದೊಡ್ಡ ಮೀನು) ಅಂದರೆ ಹೊಳೆಯ ಮೀನು ಅನ್ನುವ ನಂಬಿಕೆ ಗಟ್ಟಿಯಾಗಿ ಕೂತಿದೆ. ಅದು ಅರ್ಧ ಮಾತ್ರ ನಿಜ. ಈ ಮೀನಿನ ವಿಶ್ವದಾಖಲೆ 123 ಪೌಂಡ್, ಅಂದರೆ ಸುಮಾರು 56 ಕಿಲೊ. 1998ರ ಮೇ ತಿಂಗಳಲ್ಲಿ ಅದು ಸಿಕ್ಕಿದ್ದು ಕ್ಯಾನ್ಸಸ್‌ನ ಎಲ್ಕ್ ಸಿಟಿ ಜಲಾಶಯದ ನಿಂತ ನೀರಿನಲ್ಲಿ. ಡಲ್ಲಾಸ್ ಸುತ್ತಮುತ್ತ ಇರುವ ನಮ್ಮವರಿಗೆ ಕೈಗೆಟಕುವುದೂ ಬಹುಪಾಲು ಕಟ್ಟೆ ಕಟ್ಟಿ ನಿಲ್ಲಿಸಿದ ಇಂಥ ನೀರೇ. ಒಂದೇ ರಾಡು, ಒಂದೇ ಎರೆ ಹಿಡಿದು ಎರಡೂ ಕಡೆ ಹಾಕಿ ನೋಡಿದರೆ ವ್ಯತ್ಯಾಸ ಎಲ್ಲಿದೆ ಅನ್ನುವುದು ಬೇಗ ಗೊತ್ತಾಗುತ್ತದೆ.

ಹೊಳೆಯಲ್ಲಿ ಮೀನು ಎಲ್ಲಿರಬೇಕು ಅನ್ನುವುದನ್ನು ಸೆಳವೇ ಹೇಳಿಕೊಡುತ್ತದೆ. ತಿರುವಿನ ಹೊರದಂಡೆಯ ಕೊರಕಲು, ಬಿದ್ದ ಮರಗಳು ಒಟ್ಟಾಗಿ ಸಿಕ್ಕಿಕೊಂಡ ಜಾಗ, ಅದರ ಕೆಳಗಿನ ಮಡು. ಹಗಲೆಲ್ಲ ಮೀನು ಅಲ್ಲೇ ಬಿದ್ದಿರುತ್ತದೆ, ಕತ್ತಲಾದ ಮೇಲೆ ಅಲ್ಲಿಂದಲೇ ಹೊರಡುತ್ತದೆ. ಮರದ ರಾಶಿಯ ಮೇಲ್ಬದಿಯಲ್ಲಿ ಎರೆ ಇಟ್ಟು 45 ನಿಮಿಷ ಕಾಯಿರಿ. ಏನೂ ಆಗದಿದ್ದರೆ ಮುಂದಿನ ಮಡುವಿಗೆ ಹೋಗಿ.

ಹಿನ್ನೀರಿನಲ್ಲಿ ಈ ಲೆಕ್ಕ ಕೈಕೊಡುತ್ತದೆ. ಸೆಳವಿಲ್ಲದ ಮೇಲೆ ಮೀನಿಗೆ ಒಂದೇ ಮನೆಯಲ್ಲಿ ಕೂರುವ ಒತ್ತಾಯವಿಲ್ಲ, ರಾತ್ರಿ ದೂರ ಅಲೆಯುತ್ತದೆ. ಆದರೆ ದಾರಿ ಬಿಟ್ಟು ಅಲೆಯುವುದು ಕಡಿಮೆ. ಬೇಸಿಗೆಯಲ್ಲಿ ಕೃಷ್ಣರಾಜಸಾಗರದ ನೀರು ಇಳಿದಾಗ ಹಳೆಯ ಹೊಳೆಯ ಪಾತ್ರ ಮೇಲೆದ್ದು ಕಾಣುತ್ತದಲ್ಲ, ಎಲ್ಲ ಜಲಾಶಯಗಳ ತಳದಲ್ಲೂ ಹಾಗೊಂದು ಹಳೆಯ ಪಾತ್ರ ಮುಳುಗಿರುತ್ತದೆ. ಫ್ಲಾಟ್‌ಹೆಡ್ ಅದನ್ನೇ ಹೆದ್ದಾರಿ ಮಾಡಿಕೊಂಡಿರುತ್ತದೆ. ಟ್ರಿನಿಟಿ ನದಿಗೆ ಕಟ್ಟಿದ ಲಿವಿಂಗ್‌ಸ್ಟನ್, ನೆಚಸ್‌ಗೆ ಕಟ್ಟಿದ ಪ್ಯಾಲೆಸ್ಟೈನ್‌ನಂಥ ಜಲಾಶಯಗಳಲ್ಲಿ ಹುಡುಕಬೇಕಾದದ್ದು ಈ ಪಾತ್ರದ ಅಂಚು ಆಳವಿಲ್ಲದ ಬಯಲಿಗೆ ಹತ್ತುವ ಜಾಗವನ್ನು. ಅಲ್ಲಿ ನಿಂತ ಮರದ ಬೊಡ್ಡೆಗಳಿದ್ದರೆ ಇನ್ನೂ ಒಳ್ಳೆಯದು. ದೋಣಿ ಇಲ್ಲದವರಿಗೆ ಕಟ್ಟೆಯ ಕಲ್ಲು ಹಾಸಿದ ಇಳಿಜಾರು ಸಾಕು. ಒಂದು ರಾಡಿನ ಎರೆ 4 ಅಡಿ ನೀರಿನಲ್ಲಿ, ಇನ್ನೊಂದರದ್ದು 10 ಅಡಿಯಲ್ಲಿ, ಮೂರನೆಯದು ಪಾತ್ರದ ತುಟಿಯ ಮೇಲೆ. ಇಲ್ಲಿ 45 ನಿಮಿಷಕ್ಕೆ ಎದ್ದರೆ ಪ್ರಯೋಜನವಿಲ್ಲ, ಕನಿಷ್ಠ ಮೂರು ಗಂಟೆ ಕೂರಬೇಕು. ಹಿನ್ನೀರಿನಲ್ಲಿ ಬರಿಗೈಲಿ ಮನೆಗೆ ಹೋಗುವವರಲ್ಲಿ ಹೆಚ್ಚಿನವರ ತಪ್ಪು ಇದೇ: ಹೊಳೆಯ ಅವಸರವನ್ನು ಇಲ್ಲಿಗೂ ತರುತ್ತಾರೆ.

ಎರೆಯ ವಿಷಯದಲ್ಲಿ ಎರಡೂ ಕಡೆ ಒಂದೇ ಮಾತು: ಜೀವಂತ ಮೀನು. ಇದೇ ಜಾತಿಯ ಬ್ಲೂ ಕ್ಯಾಟ್, ಚಾನೆಲ್ ಕ್ಯಾಟ್ ಮೀನುಗಳ ಹಾಗೆ ಕೋಳಿ ಕರುಳಿಗೋ ಕತ್ತರಿಸಿದ ತುಂಡಿಗೋ ಇದು ಸುಲಭಕ್ಕೆ ಒಲಿಯುವುದಿಲ್ಲ. ಅಂಗೈ ಅಗಲದ, 5ರಿಂದ 8 ಇಂಚಿನ ಸನ್‌ಫಿಶ್ ಅಥವಾ ಬುಲ್‌ಹೆಡ್ ಅನ್ನುವ ಸಣ್ಣ ಮೀನು ಬೇಕು. 20 ಲೀಟರಿನ ಬಕೆಟ್ಟಿಗೆ ಎಂಟು ಸನ್‌ಫಿಶ್‌ಗಿಂತ ಹೆಚ್ಚು ಹಾಕಬೇಡಿ. ಗಾಳಿ ಬಿಡುವ ಪಂಪು ಇರಲಿ, ಗಂಟೆಗೊಮ್ಮೆ ಅರ್ಧ ನೀರು ಬದಲಿಸಿ. ಮನೆಯ ನಲ್ಲಿ ನೀರನ್ನು ನೇರವಾಗಿ ಹುಯ್ದರೆ ಕ್ಲೋರಿನ್‌ಗೆ ಸಿಕ್ಕಿ ಸ್ವಲ್ಪ ಹೊತ್ತಿಗೇ ಎಲ್ಲ ಮಗುಚಿಕೊಳ್ಳುತ್ತವೆ.

ಗಾಳ ಚುಚ್ಚುವ ಜಾಗ ಮಾತ್ರ ಬೇರೆ. ಹೊಳೆಯಲ್ಲಿ ಎರೆ ಸೆಳವಿಗೆ ಮುಖ ಮಾಡಿ ನಿಲ್ಲಬೇಕು, ಆದ್ದರಿಂದ ಮೂಗಿನ ಹೊಳ್ಳೆಗಳ ಮೂಲಕ ಚುಚ್ಚಿ. ನಿಂತ ನೀರಿನಲ್ಲಿ ಬೆನ್ನಿನ ಈಜುರೆಕ್ಕೆಯ ಹಿಂದೆ ಚುಚ್ಚಿ. ಎರೆ ತಲೆ ಕೆಳಗಾಗಿ ಒದ್ದಾಡುತ್ತಲೇ ಇರುತ್ತದೆ, ಆ ಅದುರು ಕತ್ತಲಲ್ಲಿ ಫ್ಲಾಟ್‌ಹೆಡ್‌ಗೆ ದೂರದಿಂದ ತಿಳಿಯುತ್ತದೆ. ಸರ್ಕಲ್ ಹುಕ್ (ಮೊನೆ ಒಳಕ್ಕೆ ಬಾಗಿದ ದುಂಡು ಗಾಳ) 8/0ರಿಂದ 10/0 ಅಳತೆಯದು. ಚುಚ್ಚಿದ ಮೇಲೆ ಗಾಳದ ಮೊನೆ ಪೂರ್ತಿ ಹೊರಗೆ ಕಾಣಬೇಕು. ದಪ್ಪ ಎರೆಗೆ ಸಣ್ಣ ಗಾಳ ಹಾಕಿದರೆ ಮೈಯೇ ಮೊನೆಯನ್ನು ಮುಚ್ಚುತ್ತದೆ, ಕಚ್ಚಿದ ಮೀನು ಹಾಗೇ ಉಗುಳಿ ಹೋಗುತ್ತದೆ.

ಸಜ್ಜಿನಲ್ಲಿ ಹೊಳೆ ದುಬಾರಿ. 65 ಪೌಂಡ್ ಭಾರ ತಾಳುವ ಹೆಣೆದ ದಾರ, ತುದಿಗೆ 50 ಪೌಂಡ್ ತಾಳುವ ತಂಗೂಸಿ ಎರಡೂ ಕಡೆ ನಡೆಯುತ್ತದೆ. ಆದರೆ ಹೊಳೆಯ ತಳದಲ್ಲಿ ಎರೆ ನಿಲ್ಲಲು 3ರಿಂದ 6 ಔನ್ಸ್ ಚಪ್ಪಟೆ ಸೀಸ ಬೇಕು, ಗುಂಡು ಸೀಸ ಹಾಕಿದರೆ ಉರುಳಿಕೊಂಡು ಹೋಗಿ ಮರದ ಬೇರಿಗೆ ಸಿಕ್ಕುತ್ತದೆ. ಸೀಸವನ್ನು 20 ಪೌಂಡಿನ ಬೇರೆ ತುಂಡಿಗೆ ಕಟ್ಟಿದರೆ ಸಿಕ್ಕಿದಾಗ ಅದಷ್ಟೇ ಹರಿದು ಹೋಗುತ್ತದೆ, ಮೀನು ಉಳಿಯುತ್ತದೆ. ತಂಗೂಸಿಯ ಉದ್ದ ಒಂದು ಅಡಿಯೊಳಗೇ ಇರಲಿ. ಹಿನ್ನೀರಿಗೆ ಎರಡು ಔನ್ಸ್ ಸಾಕು, ತಂಗೂಸಿ ಎರಡು ಅಡಿ.

ನಿಂತ ಮರಗಳ ನಡುವೆ ಮಾತ್ರ ತಳಕ್ಕೆ ಬಿಡುವ ಸಜ್ಜು ಸೋಲುತ್ತದೆ. ಸನ್‌ಫಿಶ್ ಜೀವ ಉಳಿಸಿಕೊಳ್ಳಲು ನೇರವಾಗಿ ಬೊಡ್ಡೆಗೆ ನುಗ್ಗಿ ದಾರವನ್ನು ಎರಡು ಸುತ್ತು ಸುತ್ತಿಬಿಡುತ್ತದೆ. ನಮಗೆ ಅದು ಕಾಣುವುದಿಲ್ಲ. ಅಲ್ಲಿ ಬೆಂಡು ಕಟ್ಟಿ: ದಾರಕ್ಕೆ ಗಂಟಿನ ತಡೆ, ಮಣಿ, ದೊಡ್ಡ ಜಾರುಬೆಂಡು, ಒಂದು ಔನ್ಸ್ ಸೀಸ, ಸ್ವಿವೆಲ್ (ದಾರ ತಿರುಚಿಕೊಳ್ಳದಂತೆ ತಿರುಗುವ ಕೊಂಡಿ), ಕೊನೆಗೆ ಗಾಳ. ತಳ 9 ಅಡಿ ಇದ್ದರೆ ಗಂಟನ್ನು 7 ಅಡಿಗೆ ಸರಿಸಿ. ಫ್ಲಾಟ್‌ಹೆಡ್ ಮೇಲಕ್ಕೆ ನೋಡಿ ನುಂಗುವ ಮೀನು, ಎರೆ ಅದರ ತಲೆಯ ಮೇಲಿರಬೇಕು.

ಕಚ್ಚುವ ರೀತಿಯೂ ಬೇರೆ. ಹೊಳೆಯಲ್ಲಿ ರಾಡು ಒಂದೇ ಏಟಿಗೆ ಬಾಗುತ್ತದೆ. ಹಿನ್ನೀರಿನಲ್ಲಿ ಮೊದಲು ಎರೆಗೆ ಭಯ ಹುಟ್ಟುತ್ತದೆ. ಅಷ್ಟು ಹೊತ್ತು ಸುಮ್ಮನಿದ್ದ ರಾಡಿನ ತುದಿ ಟಿಕ್ ಟಿಕ್ ಎಂದು ನಡುಗತೊಡಗುತ್ತದೆ, ಬೆಂಡು ಅಡ್ಡಡ್ಡ ಓಡುತ್ತದೆ. ಆಗ ಮುಟ್ಟಬೇಡಿ. ಆಮೇಲೆ ಒಂದು ಭಾರವಾದ ಗುದ್ದು, ಒಂದು ಕ್ಷಣ ನಿಶ್ಶಬ್ದ, ದಾರ ನಿಧಾನವಾಗಿ ಬಿಗಿಯಾಗುತ್ತಾ ಹೋಗುತ್ತದೆ. ಸರ್ಕಲ್ ಹುಕ್‌ಗೆ ರಾಡನ್ನು ಝಾಡಿಸಿ ಎಳೆಯಬಾರದು. ರೀಲು ಸುತ್ತುತ್ತಾ ಹೋಗಿ, ಮೀನು ತಿರುಗುವಾಗ ಬಾಯಿಯ ಮೂಲೆಗೆ ಗಾಳ ತಾನೇ ಕೂರುತ್ತದೆ.

ಹಿನ್ನೀರಿಗೆ ಮಾತ್ರ ಇರುವ ಎರಡು ತೊಂದರೆಗಳಲ್ಲಿ ಒಂದು ಗಾಳಿ. ಒಂದೇ ಲಂಗರು ಹಾಕಿದ ದೋಣಿ ಲೋಲಕದ ಹಾಗೆ ತೂಗುತ್ತಾ ಎರೆಗಳನ್ನೆಲ್ಲ ಎಳೆದಾಡುತ್ತದೆ. ಮುಂದೊಂದು ಹಿಂದೊಂದು ಲಂಗರು ಬೇಕೇ ಬೇಕು. ಇನ್ನೊಂದು ಬೇಸಿಗೆಯ ನೀರಿನ ಪದರ. ಜುಲೈ-ಆಗಸ್ಟ್‌ನಲ್ಲಿ ಮೇಲಿನ ಬಿಸಿನೀರು ತಳದ ತಂಪು ನೀರಿನೊಂದಿಗೆ ಬೆರೆಯುವುದಿಲ್ಲ, ಕೆಳಗಿನ ಪದರದಲ್ಲಿ ಆಮ್ಲಜನಕ ಮುಗಿದಿರುತ್ತದೆ. ಆಳದಲ್ಲೇ ದೊಡ್ಡ ಮೀನು ಅಂದುಕೊಂಡು 30 ಅಡಿಗೆ ಬಿಟ್ಟರೆ ಎರೆ ಸತ್ತು ಮೇಲೆ ಬರುತ್ತದೆ. ಮೈಮೇಲೆ ಒಂದು ಗೀರೂ ಇಲ್ಲದೆ ಬೇಗ ಸತ್ತಿದ್ದರೆ ಆಳ ತಪ್ಪಿದೆ ಅಂತಲೇ ತಿಳಿದು 10-15 ಅಡಿಗೆ ಬನ್ನಿ. ಹರಿಯುವ ನೀರು ತಾನೇ ಕಲಕಿಕೊಳ್ಳುವುದರಿಂದ ಹೊಳೆಗೆ ಈ ಕಾಟವಿಲ್ಲ. ಕಡುಬೇಸಿಗೆಯಲ್ಲಿ ಹೊಳೆಯೇ ಮೇಲು ಅನ್ನುವುದಕ್ಕೆ ಇದೇ ಮುಖ್ಯ ಕಾರಣ.

ಏಪ್ರಿಲ್-ಮೇ ತಿಂಗಳಲ್ಲಿ ಹಿನ್ನೀರನ್ನೇ ಆರಿಸಿ, ಅದರಲ್ಲೂ ಹೊಳೆ ಬಂದು ಸೇರುವ ಮೇಲಿನ ತುದಿಯನ್ನು. ನೀರು 75-80 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದಾಗ ಮೀನು ಮೊಟ್ಟೆಯಿಡಲು ಪೊಟರೆ ಸೇರುತ್ತದೆ. ಗಂಡು ಮೊಟ್ಟೆ ಕಾಯುತ್ತಾ ಕೂರುವ ಆ ದಿನಗಳಲ್ಲಿ ಹೊಳೆ ಒಮ್ಮೆಲೇ ಮೌನವಾಗುತ್ತದೆ. ಹಿನ್ನೀರಿನಲ್ಲಿ ಆಳವಿಲ್ಲದ ಮೇಲ್ತುದಿ ಬೇಗ ಕಾಯುತ್ತದೆ, ಕಟ್ಟೆಯ ಬಳಿ ತಡವಾಗುತ್ತದೆ. ಹಾಗಾಗಿ ಒಂದು ತುದಿ ಮುಚ್ಚಿದಾಗ ಇನ್ನೊಂದರಲ್ಲಿ ಇನ್ನೂ ಕಚ್ಚುತ್ತಿರುತ್ತವೆ. ಸೆಪ್ಟೆಂಬರ್ ಕೊನೆಯಿಂದ ನೀರು ತಣಿಯುವವರೆಗೆ ಮತ್ತೆ ಹಿನ್ನೀರು, ಈ ಸಲ ಹಳೆಯ ಪಾತ್ರದ ಅಂಚಿನಲ್ಲಿ.

ಟೆಕ್ಸಾಸ್‌ನಲ್ಲಿ 18 ಇಂಚಿಗಿಂತ ಚಿಕ್ಕದನ್ನು ಇಟ್ಟುಕೊಳ್ಳುವಂತಿಲ್ಲ. ಅಡುಗೆಗೆ 5-10 ಪೌಂಡಿನದು ಚೆನ್ನ. 30 ಪೌಂಡ್ ದಾಟಿದ್ದನ್ನು ದಯವಿಟ್ಟು ಬಿಟ್ಟುಬಿಡಿ, ಅಷ್ಟು ಬೆಳೆಯಲು ಅದಕ್ಕೆ ಹತ್ತಾರು ವರ್ಷ ಹಿಡಿದಿರಬಹುದು. ದವಡೆ ಹಿಡಿದು ನೇತುಹಾಕದೆ ಹೊಟ್ಟೆಯ ಕೆಳಗೆ ಇನ್ನೊಂದು ಕೈ ಕೊಡಿ. ಹಲ್ಲು ಮರಳುಕಾಗದದಂತಿರುತ್ತದೆ, ಹೆಬ್ಬೆರಳಿಗೆ ಕೈಗವಸು ಇರಲಿ.