ಕೂಲಂಟ್ ಫಿಲ್ಟರ್: ಪ್ರತಿ ಆಯಿಲ್ ಬದಲಾವಣೆಗೋ, ಪರೀಕ್ಷೆ ನೋಡಿಯೋ?

ವೆಟ್ ಲೈನರ್ (ಹೊರಮೈಗೆ ಕೂಲಂಟ್ ನೇರವಾಗಿ ತಾಗುವ ಸಿಲಿಂಡರ್ ಕೊಳವೆ) ಇರುವ ಡೀಸೆಲ್ ಲಾರಿ ಎಂಜಿನ್‌ಗೆ ಕೂಲಂಟ್ ಫಿಲ್ಟರನ್ನು ಯಾವಾಗ ಬದಲಿಸಬೇಕೆಂದು ಕೇಳುವವರು ಮೊದಲು ಒಳಗಿರುವ ಕೂಲಂಟ್ ಯಾವ ಬಗೆಯದೆಂದು ತಿಳಿಯಬೇಕು. ಇದಕ್ಕೆ ಬಣ್ಣವನ್ನು ನಂಬದೆ ಡಬ್ಬಿಯ ಮೇಲಿನ ವಿವರವನ್ನೇ ಓದುವುದು ಲೇಸು.

ರಕ್ಷಣೆಯೇ ಮುಖ್ಯ ಮಾನದಂಡ. ಪಿಸ್ಟನ್ ಬಡಿತಕ್ಕೆ ಲೈನರ್ ಕಂಪಿಸಿದಾಗ ಅದರ ಹೊರಮೈಯಲ್ಲಿ ಆವಿಯ ಗುಳ್ಳೆಗಳು ಹುಟ್ಟಿ ಒಡೆಯುತ್ತವೆ. ಆ ಹೊಡೆತ ಕ್ರಮೇಣ ಲೋಹವನ್ನು ಕೊರೆದು ಕೂಲಂಟನ್ನು ಸಿಲಿಂಡರ್‌ಗೆ ಇಳಿಸಬಲ್ಲದು. ಸಾಂಪ್ರದಾಯಿಕ ಕೂಲಂಟ್‌ನಲ್ಲಿ ಇದನ್ನು ತಡೆಯುವ ನೈಟ್ರೈಟ್ ಎಂಬ ರಾಸಾಯನಿಕ ಓಡಾಟದಲ್ಲಿ ಖರ್ಚಾಗುವುದರಿಂದ, ರಾಸಾಯನಿಕ ತುಂಬಿದ ಫಿಲ್ಟರನ್ನು ಆಯಿಲ್ ಜೊತೆಗೇ ಬದಲಿಸುವ ಪದ್ಧತಿ ಬಂದಿದೆ.

ಸುಲಭತೆಯಲ್ಲಿ ಈ ನಿಗದಿತ ಕ್ರಮವೇ ಮುಂದು: ಹಲವು ಚಾಲಕರು ಓಡಿಸುವ, ಲೆಕ್ಕಪುಸ್ತಕ ಸರಿಯಾಗಿಲ್ಲದ ಲಾರಿಗಳಿಗೆ ಇದು ಒಪ್ಪುತ್ತದೆ. ಆದರೆ ಕೂಲಂಟ್‌ನಲ್ಲಿರುವ ರಾಸಾಯನಿಕದ ಮಟ್ಟ ನೋಡದೆ ತುಂಬುತ್ತ ಹೋದರೆ ಅದು ಅತಿಯಾಗಿ, ಲೋಳೆಯಂಥ ಗಸಿ ಕಟ್ಟಿ, ವಾಟರ್ ಪಂಪಿನ ಸೀಲ್ ಹಾಳಾಗಬಹುದು.

ವೆಚ್ಚ ಮತ್ತು ನಿಖರತೆಯನ್ನು ಗಮನಿಸುವ ಒಡೆಯ-ಚಾಲಕನಿಗೆ ಟೆಸ್ಟ್ ಸ್ಟ್ರಿಪ್ (ಕೂಲಂಟ್‌ನಲ್ಲಿ ಅದ್ದಿ ರಾಸಾಯನಿಕದ ಮಟ್ಟ ತಿಳಿಯುವ ಪಟ್ಟಿ) ಮೇಲು. ಮಟ್ಟ ಕಡಿಮೆಯಿದ್ದರೆ ರಾಸಾಯನಿಕ ಫಿಲ್ಟರ್, ಸಾಕಷ್ಟಿದ್ದರೆ ರಾಸಾಯನಿಕವಿಲ್ಲದ ಖಾಲಿ ಫಿಲ್ಟರ್ ಹಾಕಿಸಬಹುದು. ಸ್ಟ್ರಿಪ್‌ನ ಅವಧಿ ಮುಗಿದಿರಬಾರದು, ಅಷ್ಟೆ.

ದೀರ್ಘಾವಧಿಯ ಸಾವಯವ ಆಮ್ಲದ ಕೂಲಂಟ್ ಇದ್ದರೆ ರಾಸಾಯನಿಕ ಫಿಲ್ಟರ್ ಬೇಡ. ಕಸ ಹಿಡಿಯಲು ಖಾಲಿ ಫಿಲ್ಟರ್ ಸಾಕು, ಅದರ ಅವಧಿಯನ್ನು ಎಂಜಿನ್ ಕೈಪಿಡಿಯಂತೆ ಪಾಲಿಸಬೇಕು. ತುಕ್ಕು ಕಂಡಿದ್ದರೆ ಅಥವಾ ರೇಡಿಯೇಟರ್ ದುರಸ್ತಿಯಾಗಿದ್ದರೆ, ಕೂಲಂಟ್ ಯಾವುದೇ ಇರಲಿ, ಫಿಲ್ಟರನ್ನು ಬೇಗ ಬದಲಿಸುವುದು ಯುಕ್ತ.