ಮನೆಯಲ್ಲೇ ಹಾಕಿದ ಸೆರಾಮಿಕ್ ಬ್ರೇಕ್ ಪ್ಯಾಡ್, ಮೂರು ತಿಂಗಳಾದ ಮೇಲೆ

ಬ್ರೇಕ್ ಒತ್ತಿದಾಗಲೆಲ್ಲ ಮುಂದಿನ ಎಡಚಕ್ರ ಕಿರ್ ಅನ್ನುತ್ತಿತ್ತು. ಪ್ಯಾಡ್ ಸವೆದಾಗ ಅದರ ಅಂಚಿನ ಪುಟ್ಟ ಲೋಹದ ಪಟ್ಟಿ ಡಿಸ್ಕ್‌ಗೆ ತಾಗಿ ಹೀಗೆ ಕಿರುಚುತ್ತದೆ. ಬಿಚ್ಚಿ ನೋಡಿದರೆ ಒಳಗಿನ ಪ್ಯಾಡ್ 2 ಮಿಲಿಮೀಟರ್ ಕೂಡ ಉಳಿದಿರಲಿಲ್ಲ, ಹೊರಗಿನದು ಮಾತ್ರ 5 ಇತ್ತು! ಎರಡೂ ಹೆಚ್ಚುಕಮ್ಮಿ ಒಂದೇ ಸಮ ಸವೆಯಬೇಕು, ಅಲ್ವಾ? ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಕ್ಯಾಲಿಪರ್ ಜಾರಿ ಆಡುವುದು ಸ್ಲೈಡ್ ಪಿನ್ ಮೇಲೆ, ಅದೇ ಒಣಗಿ ಹಿಡಿದುಕೊಂಡಿತ್ತು.

ಅದಕ್ಕೇ ಈ ಸೆರಾಮಿಕ್ ಪ್ಯಾಡ್ ಸೆಟ್ ನನಗೆ ತುಂಬಾ ಹಿಡಿಸಿತು. ಎರಡೂ ಚಕ್ರಕ್ಕೆ ಬೇಕಾದ ನಾಲ್ಕು ಪ್ಯಾಡ್ ಜೊತೆಗೆ ಹೊಸ ಕ್ಲಿಪ್‌ಗಳು, ಒಂದು ಸಣ್ಣ ಪೊಟ್ಟಣ ಸಿಲಿಕೋನ್ ಗ್ರೀಸ್ ಕೂಡ ಇದೆ. ಪಿನ್‌ಗೆ ಮಾಮೂಲಿ ಗ್ರೀಸ್ ಬಳಿಯಬೇಡಿ, ಅದರ ರಬ್ಬರ್ ಉಬ್ಬಿಹೋಗುತ್ತದೆ. ನಾನು ಪಿನ್ ಹೊರಗೆಳೆದು, ಹಳೆ ಜಿಡ್ಡೆಲ್ಲ ಒರೆಸಿ, ತೆಳ್ಳಗೆ ಸವರಿ ಮತ್ತೆ ಕೂರಿಸಿದಾಗ ಅದು ಬೆರಳಲ್ಲಿ ತಳ್ಳಿದರೆ ಸಾಕು ಸರಾಗವಾಗಿ ಒಳಗೆ ಹೊರಗೆ ಆಡುತ್ತಿತ್ತು.

ಒಂದು ಕೊರತೆ ಹೇಳಲೇಬೇಕು. ಯಾವ ಪ್ಯಾಡ್ ಒಳಗೆ, ಯಾವುದು ಹೊರಗೆ ಅಂತ ಜೊತೆಗಿದ್ದ ಚೀಟಿಯಲ್ಲಿ ಬರೆದೇ ಇಲ್ಲ. ಒಂದು ಚಕ್ರ ಮುಗಿಸಿಯೇ ಇನ್ನೊಂದನ್ನು ಬಿಚ್ಚಿದ್ದರಿಂದ ಆ ಕಡೆಯದನ್ನು ನೋಡಿಕೊಂಡು ಜೋಡಿಸಿದೆ. ನೀವೂ ಹಾಗೇ ಮಾಡಿ.

ಹೊಸ ಪ್ಯಾಡ್ ದಪ್ಪ ಇರುವುದರಿಂದ, ಕ್ಯಾಲಿಪರ್ ಒಳಗೆ ಪ್ಯಾಡನ್ನು ತಳ್ಳುವ ಪಿಸ್ಟನ್ನನ್ನು ಸಿ-ಕ್ಲ್ಯಾಂಪ್ ಹಾಕಿ ನಿಧಾನವಾಗಿ ಹಿಂದಕ್ಕೆ ಒತ್ತಬೇಕು. ಆಗ ಬಾನೆಟ್ ಒಳಗಿನ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಮೇಲೇರುತ್ತದೆ, ಚೆಲ್ಲಿದರೆ ಬಣ್ಣ ಕಿತ್ತುಬರುತ್ತದೆ, ಸುತ್ತ ಬಟ್ಟೆ ಇಡಿ. ಕ್ಯಾಲಿಪರನ್ನು ಅದರ ಪೈಪಿನಿಂದಲೇ ನೇತಾಡಲು ಬಿಡಬೇಡಿ, ತಂತಿಯಲ್ಲಿ ಕಟ್ಟಿ. ಬರೀ ಜಾಕ್ ನಂಬಿ ಕೆಲಸ ಮಾಡಬೇಡಿ, ಸ್ಟ್ಯಾಂಡ್ ಬೇಕೇ ಬೇಕು.

ಎಲ್ಲಕ್ಕಿಂತ ಮುಖ್ಯ, ಗಾಡಿ ಅಲುಗಾಡಿಸುವ ಮೊದಲು ಪೆಡಲ್ ಒತ್ತಿ ಒತ್ತಿ ಗಟ್ಟಿ ಮಾಡಿಕೊಳ್ಳಿ. ಮೊದಲ ಸಲ ಒತ್ತಿದಾಗ ಕಾಲು ಸೀದಾ ತಳಕ್ಕೇ ಹೋಯಿತು. ಮೂರ್ನಾಲ್ಕು ಸಲ ಒತ್ತಿದ ಮೇಲೆ ಸರಿಯಾಯಿತು. ಹೀಗೆ ಒತ್ತದೆ ಗಾಡಿ ಹೊರಗೆ ತೆಗೆದರೆ ಮೊದಲ ತಿರುವಿನಲ್ಲಿ ಬ್ರೇಕೇ ಇರುವುದಿಲ್ಲ. ಆಮೇಲೆ ಹೊಸ ಪ್ಯಾಡ್ ಡಿಸ್ಕ್‌ಗೆ ಹೊಂದಿಕೊಳ್ಳಲಿ ಅಂತ ಖಾಲಿ ರಸ್ತೆಯಲ್ಲಿ 50ರ ವೇಗದಿಂದ 10ಕ್ಕೆ ಇಳಿಸುತ್ತಾ, ಪೂರ್ತಿ ನಿಲ್ಲಿಸದೆ, ಹತ್ತು ಸಲ ಓಡಿಸಿದೆ.

ಈಗ ಸದ್ದಿಲ್ಲ, ಚಕ್ರದ ಮೇಲೆ ಕಪ್ಪು ಪುಡಿಯೂ ತುಂಬಾ ಕಮ್ಮಿ. ಬೆಳಗ್ಗೆ ತಣ್ಣಗಿದ್ದಾಗ ಮೊದಲ ಬ್ರೇಕ್ ಸ್ವಲ್ಪ ಜಾಸ್ತಿ ಒತ್ತಬೇಕು, ಅಷ್ಟೇ. ಕಳೆದ ಭಾನುವಾರ ಚಕ್ರ ಬಿಚ್ಚಿ ಅಳೆದೆ. ಒಳಗಿನದೂ ಹೊರಗಿನದೂ ಒಂದೇ ದಪ್ಪ ಇದ್ದವು.