ರಾಯಚೂರಿನವರೇ, ಪಿಎನ್‌ಆರ್ ಕೈಗೆ ಬರದೆ ಟೂರ್ ಏಜೆಂಟಿಗೆ ಒಂದು ರೂಪಾಯಿನೂ ಕೊಡಬೇಡಿ

ಮೂರು ತಿಂಗಳಿಂದ ಬರೀಲೋ ಬೇಡವೋ ಅಂತ ಒದ್ದಾಡ್ತಿದ್ದೆ. ನಾಚಿಕೆ. ನಾನು ಬ್ಯಾಂಕಿನಲ್ಲಿ ಕೆಲಸ ಮಾಡೋನು. ದಿನಾ ಹತ್ತು ಮಂದಿಗೆ ‘ಓಟಿಪಿ ಯಾರಿಗೂ ಹೇಳಬ್ಯಾಡ್ರಿ’ ಅಂತ ಬುದ್ಧಿ ಹೇಳೋ ನಾನೇ ಟೋಪಿ ಹಾಕಿಸಿಕೊಂಡೆ ಅಂತ ಯಾವ ಬಾಯಲ್ಲಿ ಹೇಳಲಿ? ಆದರೆ ನಿನ್ನೆ ರಾತ್ರಿ ಆ ಟೂರ್ ಏಜೆಂಟನ ವಾಟ್ಸಾಪ್ ಸ್ಟೇಟಸ್ ನೋಡಿದೆ. ‘ಬೇಸಿಗೆ ರಜೆಗೆ ಕುಲು-ಮನಾಲಿ, ಥರ್ಡ್ ಎಸಿ ಕನ್ಫರ್ಮ್, ಕೆಲವೇ ಸೀಟು ಬಾಕಿ.’ ನಮಗೆ ಕಳಿಸಿದ್ದ ಅದೇ ಪೋಸ್ಟರು. ತಾಜ್‌ಮಹಲ್ ತೆಗೆದು ಹಿಮದ ಗುಡ್ಡ ಅಂಟಿಸಿದ್ದಾನೆ, ಕೆಳಗಿನ ಊಟದ ತಾಟು ಹಾಗೇ ಇದೆ. ಆ ತಾಟು ನೋಡಿ ಮೈ ಉರೀತು.

ನಡೆದಿದ್ದು ಇಷ್ಟು. ಮಗಳಿಗೆ ಡಿಸೆಂಬರಿನಲ್ಲಿ ಕ್ರಿಸ್‌ಮಸ್ ರಜೆ. ಅವ್ವನಿಗೆ ಮಥುರಾ ನೋಡೋ ಆಸೆ, ಮಗಳಿಗೆ ತಾಜ್‌ಮಹಲ್. ನಾನು ಸುಮ್ಮನೆ ಇರಲಾರದೆ ತಂಗಿಯನ್ನೂ ಅವಳ ಗಂಡನನ್ನೂ ‘ಬರ್ರಿ, ಎಲ್ಲಾ ನಾ ನೋಡ್ಕೋತೀನಿ’ ಅಂತ ಕರೆದೆ. ಒಟ್ಟು ಆರು ಜನ, ತಲೆಗೆ 14,500ರಂತೆ 87,000. ರಾಯಚೂರಿನಿಂದ ಆಗ್ರಾ, ಮಥುರಾ, ದಿಲ್ಲಿ, ಹೋಗಿ ಬರೋದು ಥರ್ಡ್ ಎಸಿ, ಊಟ ಅವರದೇ. ಅಕ್ಟೋಬರ್ ಮೊದಲ ವಾರ 40,000 ಫೋನ್‌ಪೇ ಮಾಡಿದೆ, ದೀಪಾವಳಿ ಮುಗಿದ ಮೇಲೆ 47,000. ರಸೀದಿ? ಒಂದು ಹಳದಿ ಚೀಟಿ, ಸೀಲು ಕೂಡ ಇಲ್ಲ.

ರೈಲು ಬುಕಿಂಗ್ ಈಗ 60 ದಿನ ಮುಂಚೆ ಶುರುವಾಗುತ್ತೆ, ನಿಮಗೆಲ್ಲ ಗೊತ್ತಿರೋದೇ. 2024ರ ನವೆಂಬರ್ 1ಕ್ಕಿಂತ ಮುಂಚೆ 120 ದಿನ ಇತ್ತು. ಅಂದರೆ ನಮ್ಮ ತಾರೀಖಿಗೆ ಅಕ್ಟೋಬರ್ ಕೊನೇ ವಾರವೇ ಬುಕ್ ಮಾಡಬಹುದಿತ್ತು. ನವೆಂಬರಿನಲ್ಲಿ ಪಿಎನ್‌ಆರ್, ಅಂದರೆ ಟಿಕೆಟಿನ ಬುಕಿಂಗ್ ನಂಬರ್, ಕೇಳಿದೆ. ‘ಗ್ರೂಪ್ ಬುಕಿಂಗ್ ಅದ ಸರ್, ನಂಬರ್ ಒಬ್ಬೊಬ್ಬರಿಗೆ ಕೊಡಾಕ ಬರಲ್ಲ’ ಅಂದ. ಮತ್ತೊಮ್ಮೆ ಕೇಳಿದೆ. ‘ನಂಬಿಕಿ ಇಲ್ಲೇನ್ರಿ ಸರ್ ನಮ್ಮ ಮ್ಯಾಲ?’ ಅಂದ. ನೋಡಿ, ಇಲ್ಲೇ ನಾನು ಬಿದ್ದಿದ್ದು. ನಂಬಿಕೆ ಇಲ್ಲ ಅನ್ನೋಕೆ ಸಂಕೋಚ ಆಯ್ತು. ರೊಕ್ಕ ನಂದು, ಸಂಕೋಚಾನೂ ನಂದೇ!

ದಿಲ್ಲಿ ಗಾಡಿ ನಮ್ಮೂರಿಗೆ ಬರೋದು ನಡುರಾತ್ರಿ ದಾಟಿದ ಮೇಲೆ. ಮಂಗಳವಾರ ರಾತ್ರಿ ಎಂಟಕ್ಕೆ ಟಿಕೆಟ್ ಬಂತು, ಬ್ಯಾಗ್ ಕಟ್ಟಿ ಕೂತ ಮೇಲೆ. ತೆಗೆದು ನೋಡಿದರೆ ಸ್ಲೀಪರ್! ಅದರಲ್ಲೂ ಎರಡು ಅಪ್ಪರ್ ಬರ್ತ್ ಮಾತ್ರ ಕನ್ಫರ್ಮ್, ನಾಲ್ಕು ಆರ್‌ಎಸಿ, ಅಂದರೆ ಒಂದು ಬರ್ತಿನಲ್ಲಿ ಇಬ್ಬರು ಕೂರೋದು. ಫೋನ್ ಮಾಡಿದೆ. ಅವನ ಉತ್ತರ ಹಾಗೇ ಬರೀತೀನಿ, ಒಂದಕ್ಷರ ಸೇರಿಸಿಲ್ಲ:

‘ಎಸಿ ಫುಲ್ ಆಗಿತ್ತು ಸರ್. ಅಲ್ರೀ, ಚಳಿಗಾಲದಾಗ ಎಸಿ ಯಾಕ ಬೇಕ್ರಿ?’

ಚಳಿಗಾಲದಾಗ ಎಸಿ ಯಾಕ ಬೇಕ್ರಿ! ಎಸಿ ಡಬ್ಬಿಯಲ್ಲಿ ಕಿಟಕಿ ಮುಚ್ಚಿರುತ್ತೆ, ಕಂಬಳಿ ಕೊಡ್ತಾರೆ, ಅದಕ್ಕೆ ಬೇಕು. ಆದರೆ ಆ ಹೊತ್ತಿಗೆ ನನ್ನ ಬಾಯಿಂದ ಅದೂ ಹೊರಡಲಿಲ್ಲ. ಉಳಿದ ರೊಕ್ಕ ಅಂದರೆ, ‘ಡಿಫರೆನ್ಸ್ ಊಟದಾಗ ಅಡ್ಜಸ್ಟ್ ಮಾಡೀನ್ರಿ’ ಅಂದ. ಆ ಊಟ ಇವತ್ತಿನವರೆಗೂ ಬಂದಿಲ್ಲ. ಅವ್ವ ಕಟ್ಟಿದ್ದ ಖಡಕ್ ರೊಟ್ಟಿ, ಶೇಂಗಾ ಹಿಂಡಿಯೇ ನಮ್ಮನ್ನು ಕಾಪಾಡಿದ್ದು.

ಅವ್ವನಿಗೆ 68 ವರ್ಷ, ಮೊಣಕಾಲು ನೋವು. ಅಪ್ಪರ್ ಹತ್ತೋದು ಆಗದ ಮಾತು. 31ನೇ ಸೈಡ್ ಲೋಯರಿನಲ್ಲಿ ಅವ್ವ, ಅವಳ ಕಾಲ ಹತ್ತಿರ ಮುದುಡಿಕೊಂಡು ಮಗಳು. ಮೇಲೆ ಹೆಂಡತಿ, ತಂಗಿ. ಉಳಿದ 39ರಲ್ಲಿ ನಾನು ಮತ್ತು ತಂಗಿ ಗಂಡ, ಎದುರುಬದುರು, ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು. ಆ ಮನುಷ್ಯ ಮೊದಲೇ ಮಾತು ಕಮ್ಮಿ. ಬೈದಿದ್ದರೆ ಎಷ್ಟೋ ಚಲೋ ಇತ್ತು. ಸುಮ್ಮನೆ ಕಿಟಕಿ ನೋಡ್ತಿದ್ದರು. ಕಲಬುರಗಿ ಹೋಯ್ತು, ಸೊಲ್ಲಾಪುರ ಹೋಯ್ತು, ದೌಂಡ್ ಹೋಯ್ತು, ಒಂದು ಮಾತಿಲ್ಲ.

ಕಲಬುರಗಿಯಲ್ಲಿ ಹತ್ತಿದ ಹಿರಿಯರೊಬ್ಬರು ಮಧ್ಯಾಹ್ನ ನಮ್ಮ ಪಾಡು ನೋಡಿ ಟಿಕೆಟ್ ತೋರಿಸಿ ಅಂದರು. ಕನ್ನಡಕ ಹಣೆಗೆ ಏರಿಸಿ ಮೊಬೈಲ್ ಕಣ್ಣಿನ ಹತ್ತಿರ ತಂದು ಓದಿದರು. ‘ಬುಕ್ ಆಗಿದ್ದು ಡಿಸೆಂಬರ್ 16ಕ್ಕೆ ಅದಲ್ರಿ’ ಅಂದರು. ಒಂದು ವಾರದ ಹಿಂದೆ! ಅಕ್ಟೋಬರಿನಿಂದ ನನ್ನ ರೊಕ್ಕ ಅವನ ಹತ್ತಿರ ಮಲಗಿತ್ತು, ನಾವು ಕೂತಿದ್ದೆವು. ಆಮೇಲೆ ಕೆಳಗಿನ ಸಣ್ಣ ಅಕ್ಷರ ಓದಿದರು: ಇದು ವೈಯಕ್ತಿಕ ಐಡಿಯಲ್ಲಿ ತೆಗೆದ ಟಿಕೆಟ್, ಇದರ ಮಾರಾಟ, ಖರೀದಿ 1989ರ ರೈಲ್ವೆ ಕಾಯ್ದೆ 143ನೇ ಕಲಂ ಪ್ರಕಾರ ಅಪರಾಧ. ಅಧಿಕೃತ ಏಜೆಂಟ್ ಅಲ್ಲವೇ ಅಲ್ಲ ಅವನು. ಯಾರದೋ ಸ್ವಂತ ಐಡಿಯಿಂದ ತೆಗೆದು ನಮಗೆ ಮಾರಿದ್ದಾನೆ. ‘ಖರೀದಿ’ ಅನ್ನೋ ಶಬ್ದ ಕೇಳಿ ನನ್ನ ಎದೆ ಧಸಕ್ಕಂತು. ಎದುರಿಗೆ ಕೂತವರ ಮುಖ ನೋಡೋಕೆ ಆಗಲಿಲ್ಲ. ಮೇಲಿಂದ ತಂಗಿ ಬಗ್ಗಿ ಕೇಳಿದಳು, ‘ಅಣ್ಣಾ, ಟಿಕೆಟ್ ಒಮ್ಮೆನೂ ನೋಡಿದ್ದಿಲ್ಲೇನು ನೀನು?’

ನೋಡಿದ್ದಿಲ್ಲ.

(ಊರಿಗೆ ಬಂದ ಮೇಲೆ ಪರಿಚಯದ ವಕೀಲರನ್ನು ಕೇಳಿದೆ. ಆ ಕಲಂ ಇರೋದು ಟಿಕೆಟ್ ದಂಧೆ ಮಾಡೋರಿಗೆ, ಮೂರು ವರ್ಷದವರೆಗೆ ಜೈಲು ಅಥವಾ 10,000ದವರೆಗೆ ದಂಡ, ಇಲ್ಲಾ ಎರಡೂ. ತನ್ನ ಪ್ರಯಾಣಕ್ಕೆ ಕೊಂಡವನಿಗಲ್ಲ ಅಂದರು. ಆ 38 ತಾಸು ಇದು ಗೊತ್ತಿರಲಿಲ್ಲ, ಟಿಟಿ ಬಂದಾಗೆಲ್ಲ ಬೆವರು.)

ಹೌದು, 38 ತಾಸು. ರಾತ್ರಿ ಝಾನ್ಸಿ ದಾಟಿದ ಮೇಲೆ ಮಂಜು. ಗಾಡಿ ನಿಲ್ಲೋದು, ನಾಲ್ಕು ಹೆಜ್ಜೆ ಹೋಗೋದು, ಮತ್ತೆ ನಿಲ್ಲೋದು. ಉತ್ತರದಲ್ಲಿ ಡಿಸೆಂಬರ್ ಅಂದರೆ ಹೀಗೇ, ಅದಕ್ಕೆ ಯಾರನ್ನೂ ಬೈಯಲ್ಲ. ಆದರೆ ಟೂರ್ ಮಾಡಿಸೋನಿಗೆ ಗೊತ್ತಿರಬೇಕಲ್ಲ? ಕಿಟಕಿ ಷಟರ್ ಪೂರ್ತಿ ಕೂರಲ್ಲ, ಸಂದಿಯಿಂದ ಸೂಜಿ ಚುಚ್ಚಿದ ಹಾಗೆ ಗಾಳಿ. ರಾಯಚೂರಿನ ಬಿಸಿಲಲ್ಲಿ ಬೆಳೆದ ಮೈ ನಮ್ಮದು. ತಂಗಿ ಗಂಡ ಟವೆಲ್ ಸುರುಳಿ ಸುತ್ತಿ ಆ ಸಂದಿಗೆ ತುರುಕಿದರು, ಅವ್ವನ ಕಿಟಕಿಗೂ ತುರುಕಿ ಬಂದರು. ಆಗಲೂ ಮಾತಿಲ್ಲ.

ಗುರುವಾರ ಬೆಳಿಗ್ಗೆ ಸೇರಬೇಕಿದ್ದ ಆಗ್ರಾಕ್ಕೆ ಸಂಜೆ ಇಳಿದೆವು. ಮರುದಿನ ಶುಕ್ರವಾರ. ತಾಜ್‌ಮಹಲ್‌ಗೆ ಶುಕ್ರವಾರ ರಜೆ! ಮಧ್ಯಾಹ್ನವೇ ಮಥುರಾಕ್ಕೆ ಗಾಡಿ ಗೊತ್ತು ಮಾಡಿದ್ದ. ಒಂದು ದಿನ ಮುಂದೆ ಹಾಕು ಅಂದೆ. ಉತ್ತರ ಏನು ಗೊತ್ತಾ? ‘ಅದು ಮುಚ್ಚಿದರ ನಾ ಏನ್ ಮಾಡ್ಲಿ ಸರ್, ತಾಜ್‌ಮಹಲ್ ಕೀಲಿ ನನ್ನ ಹಂತೇಕ ಅದ ಏನು?’ ಯಮುನೆಯ ಆಚೆ ದಂಡೆಯ ಮೆಹ್ತಾಬ್ ಬಾಗ್ ಅನ್ನೋ ತೋಟದಿಂದ ಕಾಣುತ್ತೆ ಅಂದರು, ಹೋದೆವು. ಬರೀ ಮಂಜು. ಅವ್ವ ಕಣ್ಣಿಗೆ ಕೈ ಅಡ್ಡ ಹಿಡಿದು, ‘ಅಲ್ಲಿ ಬೆಳ್ಳಗ ಕಾಣ್ತದಲ್ಲ, ಅದೇನಪ್ಪಾ?’ ಅಂದಳು. ಅದು ಮಂಜೇ. ‘ಹೂಂ ಅವ್ವಾ, ಅದೇ’ ಅಂದೆ.

ಬರೋವಾಗಿನ ಟಿಕೆಟ್ ಕಥೆ ಚಿಕ್ಕದು. ವೇಟಿಂಗ್ ಲಿಸ್ಟ್. ಇ-ಟಿಕೆಟ್ ವೇಟಿಂಗಲ್ಲೇ ಉಳಿದರೆ ಚಾರ್ಟ್ (ಸೀಟು ಹಂಚಿದ ಕೊನೇ ಪಟ್ಟಿ) ಆದ ಕೂಡಲೇ ತಾನೇ ರದ್ದಾಗುತ್ತೆ, ರೊಕ್ಕ ಕಟ್ಟಿದ ಖಾತೆಗೆ ವಾಪಸ್ ಹೋಗುತ್ತೆ. ಖಾತೆ ಯಾರದು? ಅವನದು. ಮೆಸೇಜ್ ಹೋಗೋ ಮೊಬೈಲ್ ಯಾರದು? ಅದೂ ಅವನದೇ. ನಮಗೆ ಹೇಳಲೂ ಇಲ್ಲ, ನಾವು ದಿಲ್ಲಿ ಪ್ಲಾಟ್‌ಫಾರ್ಮಿನಲ್ಲಿ ನಿಂತು ಕಂಡುಕೊಂಡಿದ್ದು. ಲಾಡ್ಜಿಗೆ ಮತ್ತೆ ಎರಡು ರಾತ್ರಿ, ಮರುದಿನ ಹನ್ನೊಂದಕ್ಕೆ ನನ್ನ ಐಡಿಯಲ್ಲೇ ತತ್ಕಾಲ್, ಅಂದರೆ ಗಾಡಿಯ ಹಿಂದಿನ ದಿನ ತೆರೆಯೋ ಬುಕಿಂಗ್. ಒಂದು ಟಿಕೆಟಿಗೆ ನಾಲ್ಕೇ ಜನ, ಹೆಣ್ಣುಮಕ್ಕಳು ನಾಲ್ವರಿಗೆ ಸಿಕ್ಕಿತು. ಎರಡನೆಯದು ತೆಗೆಯುವಷ್ಟರಲ್ಲಿ ಮುಗಿದಿತ್ತು. ನಾವಿಬ್ಬರು ಜನರಲ್ ಡಬ್ಬಿ, ಶೌಚಾಲಯದ ಬಾಗಿಲ ಹತ್ತಿರ ಪೇಪರ್ ಹಾಸಿಕೊಂಡು. ಭೂಸಾವಲಿನಲ್ಲಿ ಅವರು ಬಾಳೆಹಣ್ಣು ತಂದು ನನ್ನ ಕೈಗೆ ಎರಡು ಕೊಟ್ಟು ಅಂದರು, ‘ಮುಂದಿನ ಸಲ ಮಂತ್ರಾಲಯಕ್ಕ ಹೋಗೋಣ್ರಿ. ಬಸ್ಸಿನಾಗ.’ ಅಷ್ಟೇ ಅಂದಿದ್ದು.

ಈಗ ರೊಕ್ಕದ ವಿಷಯ. ಮೊದಲು ‘ರೀಫಂಡ್ ಬಂದಿಲ್ಲ ಸರ್’ ಅಂದ. ಆಮೇಲೆ ‘ಸಂಕ್ರಾಂತಿ ಆಗ್ಲಿ’. ಈಗ ‘ಯುಗಾದಿ ಆಗ್ಲಿ’. ಹೋದ ವಾರ ಅಂಗಡಿಗೇ ಹೋದೆ. ಚಹಾ ತರಿಸಿದ. ‘ಹೋಗಿ ಬಂದ್ರೆಲ್ಲ ಸರ್, ಸೇಫಾಗಿ ಮನಿ ಮುಟ್ಟಿದ್ರೆಲ್ಲ, ಮತ್ತೇನ್ರಿ?’ ಅಂದ. ಚಹಾ ಕುಡಿದು ಬಂದೆ ನಾನು, ಕುಡಿದು ಬಂದೆ!

ನೀವು ಹೋಗೋರಿದ್ದರೆ ದುಡ್ಡು ಕೊಡೋ ಮುಂಚೆ ಹತ್ತಂಕಿಯ ಪಿಎನ್‌ಆರ್ ಕೇಳಿ, ನೀವೇ ರೈಲ್ವೆ ವಿಚಾರಣೆಯ 139ಕ್ಕೆ ಮೆಸೇಜ್ ಹಾಕಿ ನೋಡಿ. ಟಿಕೆಟಿನಲ್ಲಿ ನಿಮ್ಮ ಮೊಬೈಲ್ ನಂಬರೇ ಇರಲಿ. ಬುಕ್ ಮಾಡಿದ ತಾರೀಖು, ಕೆಳಗಿನ ಸಣ್ಣ ಅಕ್ಷರ ಓದಿ. ‘ನಂಬಿಕಿ ಇಲ್ಲೇನ್ರಿ’ ಅಂದರೆ ‘ಇಲ್ಲ’ ಅನ್ನಿ, ನಾಚಿಕೆ ಬೇಡ. ನಾನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೀನಿ, ಜಿಲ್ಲಾ ಗ್ರಾಹಕರ ಆಯೋಗಕ್ಕೂ ಅರ್ಜಿ ಬರೆದಿಟ್ಟಿದ್ದೀನಿ. ಐದು ಲಕ್ಷದವರೆಗೆ ಶುಲ್ಕ ಇಲ್ಲ. ಆ ಹಳದಿ ಚೀಟಿ, ಫೋನ್‌ಪೇ ವಿವರ, ‘ಚಳಿಗಾಲದಾಗ ಎಸಿ ಯಾಕ ಬೇಕ್ರಿ’ ಅನ್ನೋ ಕಾಲ್ ರೆಕಾರ್ಡಿಂಗ್ ಎಲ್ಲಾ ಇದೆ. ಕುಲು-ಮನಾಲಿಗೆ ಅಡ್ವಾನ್ಸ್ ಕೊಟ್ಟಿರೋರು ಯಾರಾದರೂ ಇದ್ದರೆ ಇವತ್ತೇ ಹೋಗಿ ಪಿಎನ್‌ಆರ್ ಕೇಳಿ. ಚಹಾ ತರಿಸಿದರೆ ಕುಡೀಬೇಡಿ.